ಟಕ್ಕಯ್ಯನ ನಡಿಗೆ

ನನಗೆ ಕುಂಟುವುದು ಬಹಳ ಚೆನ್ನಾಗಿ ಬರುತ್ತದೆ. ಹೇಳಿಕೊಳ್ಳುವಂಥ ವಿದ್ಯೆಯೇನಲ್ಲ. ಆದರೂ ಎಷ್ಟೋ ಕಾಲ ಹೇಳಿಕೊಂಡು ತಿರುಗಿದ್ದೇನೆ. ಒಮ್ಮೆ ಹತ್ತು ಜನರೆದುರು ಮಾಡಿ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಈಗ ಮಂಡಿನೋವು ಶುರುವಾಗಿ, ನೆಲದ ಮೇಲೆ ಕೂತು ಎದ್ದರೆ ಮೊದಲ ನಾಲ್ಕು ಹೆಜ್ಜೆ ಕಾಲು ನಿಜವಾಗಿಯೇ ಎಳೆಯುತ್ತದೆ. ಮೊನ್ನೆ ಅವರೆಕಾಯಿ ಬಿಡಿಸಿ ಎದ್ದು ಒಳಗೆ ಹೋಗುತ್ತಿದ್ದೆ. ಪಕ್ಕದ ಮನೆಯ ಮೂರು ವರ್ಷದ ಮಗು ಹೊಸ್ತಿಲಲ್ಲಿ ನಿಂತು ನೋಡಿ, ಬಾಯಿ ತುಂಬ ನಕ್ಕು ಕೂಗಿತು: "ಅಜ್ಜಿ ಟಕ್ಕಯ್ಯ! ಅಜ್ಜಿ ಟಕ್ಕಯ್ಯ!"

ಅದರ ತಾಯಿ ಓಡಿ ಬಂದು, "ಬೇಜಾರ್ ಮಾಡ್ಕಬೇಡಿ ಮಿಸ್, ಮೊಬೈಲ್ ನೋಡಿ ನೋಡಿ ಹಿಂಗಾಡ್ತದೆ" ಎಂದು ಎತ್ತಿಕೊಂಡು ಹೋದಳು. ಅದನ್ನು ಮಗುವಿಗೆ ಕಲಿಸಿದವಳು ನಾನೇ ಎಂದು ಆಕೆಗೆ ಗೊತ್ತಿಲ್ಲ. ಸಿಪ್ಪೆ ತುಂಬಿದ ಮೊರ ಹಿಡಿದುಕೊಂಡು ನಾನು ಒಳಗೆ ಹೋದೆ.

ಟಕ್ಕಯ್ಯ ಒಬ್ಬ ಖಳನಾಯಕ. ನಾನು ಹನೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದಾಗ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಚಿತ್ರಕಥೆಯಲ್ಲಿ ಹುಟ್ಟಿದವನು. ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ನಡುದಾರಿಯ ಕಾಮಗೆರೆ ಬರುವಷ್ಟರಲ್ಲಿ ಒಂದು ಕಂತು ತಯಾರು. ಸಿಗದಿದ್ದರೆ ಆ ತಿಂಗಳ ಕಂತು ಸಪ್ಪೆ. ಕಥೆಯ ನಾಯಕಿ ಚಂಪಿ ಎಂಬ ಹುಡುಗಿ. ಟಕ್ಕಯ್ಯ ಊರೂರಿಗೆ ಬಂದು ಬಣ್ಣ ಕದಿಯುವವನು. ಗಿಳಿಯ ಹಸಿರು, ದಾಸವಾಳದ ಕೆಂಪು, ಮದುಮಗಳ ಸೀರೆಯ ಬಣ್ಣ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಡುತ್ತಾನೆ; ಚಂಪಿ ಬೆನ್ನಟ್ಟಿ ವಾಪಸ್ ತರುತ್ತಾಳೆ. ಪತ್ರಿಕೆ ಅಚ್ಚಾಗುತ್ತಿದ್ದುದು ಕಪ್ಪುಬಿಳುಪಿನಲ್ಲಿ. ಹಾಗಾಗಿ ಕದಿಯುವ ಮುಂಚೆಯೂ ಕದ್ದ ಮೇಲೂ ಗಿಳಿ ಒಂದೇ ಥರ ಕಾಣುತ್ತಿತ್ತು. ಒಬ್ಬಳು ಹುಡುಗಿ ಕಾರ್ಡು ಬರೆದು, "ಆಂಟಿ, ಬಣ್ಣ ವಾಪಸ್ ಬಂದಿದ್ದು ನಮಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ನಾನು ಉತ್ತರ ಬರೆಯಲಿಲ್ಲ.

ಟಕ್ಕಯ್ಯ ಬರುವ ಮುಂಚೆ ಅವನ ಸದ್ದು ಬರುತ್ತಿತ್ತು. ಚಿತ್ರದ ಚೌಕದ ಮೂಲೆಯಲ್ಲಿ ದಪ್ಪಕ್ಷರದಲ್ಲಿ ‘ಟಕ್... ಸರ್ರ್... ಟಕ್... ಸರ್ರ್...’ ಟಕ್ ಎಂದರೆ ಊರುಗೋಲು, ಸರ್ರ್ ಎಂದರೆ ಎಳೆಯುವ ಎಡಗಾಲು. ಹೆಸರು ಬಂದದ್ದೂ ಅದರಿಂದಲೇ. ಟಕ್ಕ ಎಂದರೆ ಮೋಸಗಾರ ಎಂಬ ಅರ್ಥವೂ ಇದೆಯಲ್ಲ ಎಂದು ಹೊಳೆದ ದಿನ ಬಸ್ಸಿನಲ್ಲಿ ಕೂತೇ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆ ನಡಿಗೆ ಮಾತ್ರ ನನ್ನ ಕಲ್ಪನೆಯದಲ್ಲ. ಅದು ಮಾದಣ್ಣನದು.

ನಮ್ಮದು ಕೊಳ್ಳೇಗಾಲದ ನೇಕಾರರ ಮನೆ. ನಡುಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದರಲ್ಲಿ ನಮ್ಮಪ್ಪ, ಇನ್ನೊಂದರಲ್ಲಿ ಮಾಂಬಳ್ಳಿಯಿಂದ ಬಂದು ನೇಯ್ದು ಹೋಗುತ್ತಿದ್ದ ಮಾದಣ್ಣ. ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಎಡಗಾಲು ಸೊರಗಿತ್ತಂತೆ. ಮಗ್ಗದ ಕುಣಿಗೆ ಕಾಲಿಳಿಬಿಟ್ಟು ಕೂತರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕೆಳಗೆ ತುಳಿಯುವ ಎರಡು ಮಣೆಗಳನ್ನೂ ಬಲಗಾಲೊಂದರಲ್ಲೇ ತುಳಿಯುತ್ತಿದ್ದ. ಮೇಲೆ ಲಾಳಿ ಅತ್ತಿಂದಿತ್ತ ಮೀನಿನ ಹಾಗೆ ಹಾಯುತ್ತಿತ್ತು. ಕೂತಾಗ ಅಷ್ಟು ಚೆಂದ ಕಾಣುತ್ತಿದ್ದ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಕೆನ್ನೆಯೊಳಗೆ ಎಲೆಅಡಿಕೆ, ಹೆಗಲ ಮೇಲೆ ಚೌಕುಳಿ ಟವಲ್ಲು, ಮಗ್ಗದ ಸದ್ದಿಗೆ ಸರಿಯಾಗಿ ಒಂದು ಕಥೆ. ಸೀರೆಯ ಅಂಚಿಗೆ ವಿನ್ಯಾಸ ಬರೆದು ಬಿಸಾಡಿದ ಗ್ರಾಫ್ ಕಾಗದದ ಹಿಂಬದಿಯಲ್ಲಿ ನಾನು ಆ ಕಥೆಯ ರಾಕ್ಷಸರನ್ನು ಬರೆಯುತ್ತಿದ್ದೆ. "ಈ ರಾಕ್ಷಸ್ನಿಗೆ ಒಟ್ಟೆ ಸಾಲ್ದು ಮೊಗ, ಇನ್ನೊಸಿ ಊದ್ಸು" ಎಂದು ಕೂತಲ್ಲಿಂದಲೇ ತಿದ್ದುತ್ತಿದ್ದ. ನನ್ನ ಮೊದಲ ಡ್ರಾಯಿಂಗ್ ಮೇಷ್ಟ್ರು ಅವನೇ.

ಅಂಥವನನ್ನು ಖಳನಾಯಕ ಮಾಡಿದ್ದೇಕೆ ಎಂದು ನೀವು ಕೇಳುತ್ತೀರಿ. ಕಾರಣ ಹೇಳಿದರೆ ನಕ್ಕುಬಿಡುತ್ತೀರಿ. ಒಂಬತ್ತು ವರ್ಷದವಳಿದ್ದಾಗ ನನ್ನ ಬೊಂಬೆಗೆ ಚಿನ್ನದ ಕೂದಲು ಬೇಕೆನ್ನಿಸಿ, ಮಗ್ಗದ ಪಕ್ಕದಲ್ಲಿದ್ದ ಜರಿಯನ್ನು ಕತ್ತರಿಸಿದೆ. ಮಾದಣ್ಣ ನೋಡಿ ಅಪ್ಪನಿಗೆ ಹೇಳಿದ. ಹೇಳದಿದ್ದರೆ ತಪ್ಪು ಅವನ ತಲೆಗೇ ಬರುತ್ತಿತ್ತು ಎಂಬುದು ಆ ವಯಸ್ಸಿಗೆ ನನಗೆ ಹೊಳೆಯಲಿಲ್ಲ. ಅಪ್ಪ ಹೊಡೆಯಲಿಲ್ಲ, ನನ್ನ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ, ಬೇಸಿಗೆ ರಜಾ ಮುಗಿಯುವ ತನಕ ಕೆಳಗಿಳಿಸಲಿಲ್ಲ. ಆ ರಜೆಯುದ್ದಕ್ಕೂ ಮಾದಣ್ಣ ಮಗ್ಗ ಬಿಟ್ಟೆದ್ದು ಹಿತ್ತಲಿಗೆ ಹೋಗುವಾಗೆಲ್ಲ ಅವನ ಬೆನ್ನ ಹಿಂದೆ ಕಾಲೆಳೆದುಕೊಂಡು ನಡೆದೆ. ನನ್ನ ತಂಗಿ ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದಳು. ವಿದ್ಯೆ ಕರಗತವಾದದ್ದು ಹಾಗೆ. ನನ್ನ ಬಣ್ಣ ಕಿತ್ತುಕೊಂಡವನು ಮಾದಣ್ಣ ಎಂಬ ಸಿಟ್ಟು ಎಷ್ಟೋ ವರ್ಷ ಒಳಗೆಲ್ಲೋ ಕೂತಿದ್ದು, ಹನೂರಿನ ಬಸ್ಸಿನಲ್ಲಿ ಕಥೆಯಾಗಿ ಹೊರಗೆ ಬಂತು.

ಆದರೂ ಕಾಗದದ ಮೇಲಿದ್ದ ಟಕ್ಕಯ್ಯ ಪೂರ್ತಿ ಕೆಟ್ಟವನಾಗಿರಲಿಲ್ಲ. ಬಣ್ಣ ಕದಿಯುವ ಮುಂಚೆ ಒಂದು ಒಗಟು ಹೇಳುತ್ತಿದ್ದ, ಬಿಡಿಸಿದವರನ್ನು ಮುಟ್ಟುತ್ತಿರಲಿಲ್ಲ. ನಕ್ಕರೆ ಕಣ್ಣಂಚಿನಲ್ಲಿ ಐದು ಸುಕ್ಕು ಬೀಳುತ್ತಿದ್ದವು. ಆ ಐದನ್ನೂ ನಾನು ತಪ್ಪದೆ ಬರೆಯುತ್ತಿದ್ದೆ.

ಪತ್ರಿಕೆ ನಿಂತುಹೋಗಿ, ನಾನು ನಿವೃತ್ತಿಯ ಹೊಸ್ತಿಲಲ್ಲಿದ್ದಾಗ ಮೈಸೂರಿನಿಂದ ಅಭಿಜಿತ್ ಎಂಬ ಯುವಕ ಹುಡುಕಿಕೊಂಡು ಬಂದ. ಚಿಕ್ಕಂದಿನಲ್ಲಿ ಟಕ್ಕಯ್ಯನಿಗೆ ಹೆದರಿ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದನಂತೆ. ಈಗ ಅನಿಮೇಷನ್ ಕೆಲಸ. ಮೊಬೈಲಿನಲ್ಲಿ ನೋಡುವಂಥ ಐದೈದು ನಿಮಿಷದ ಕಾರ್ಟೂನು ಮಾಡುತ್ತೇನೆ ಎಂದ. ನಾನು ಎರಡು ಸಲ ಹೇಳಿಸಿಕೊಳ್ಳದೆ ಅವನು ಕೊಟ್ಟ ಕಾಗದಕ್ಕೆ ಸಹಿ ಹಾಕಿದೆ.

ಅವನ ಆಫೀಸಿನಲ್ಲಿ ಟಕ್ಕಯ್ಯನನ್ನು ಕಂಪ್ಯೂಟರಿಗೆ ಇಳಿಸುವುದನ್ನು ಪಕ್ಕದಲ್ಲೇ ಕೂತು ನೋಡಿದೆ. "ಮೇಡಂ, ಇಷ್ಟೊಂದು ಗೆರೆ ಇದ್ರೆ ಆಡಿಸೋಕಾಗಲ್ಲ. ಪ್ರತಿ ಸಲ ಅಲ್ಲಾಡಿದಾಗ್ಲೂ ಎಲ್ಲಾ ಗೆರೆನೂ ಮತ್ತೆ ಬರೀಬೇಕು" ಎಂದ ಅಭಿಜಿತ್. ಹಾಗಾಗಿ ಮೊದಲು ಸುಕ್ಕುಗಳು ಹೋದವು. ಮಕ್ಕಳು ನೋಡುವಂಥದ್ದು ಎಂದು ಎಲೆಅಡಿಕೆಯ ಕೆನ್ನೆ ಹೋಯಿತು. ಚೌಕುಳಿ ಅಲುಗಿದರೆ ಕಣ್ಣಿಗೆ ಕಿರಿಕಿರಿ ಎಂದು ಟವಲ್ಲು ಹೋಗಿ ಕಪ್ಪು ನಿಲುವಂಗಿ ಬಂತು. ಐದು ನಿಮಿಷದಲ್ಲಿ ಒಗಟಿಗೆ ಜಾಗವಿರಲಿಲ್ಲ. ದುಂಡು ಮುಖ ತ್ರಿಕೋನವಾಯಿತು. ಕೊನೆಗೆ ನನ್ನ ಟಕ್ಕಯ್ಯನದು ಎಂದು ಉಳಿದದ್ದು ಕಾಲೊಂದೇ.

"ಅದನ್ನ ಮಾತ್ರ ಮುಟ್ಟಲ್ಲ ಮೇಡಂ. ಅದೇ ಅವನ ಗುರುತು" ಎಂದ.

ನಿಜ ಹೇಳಬೇಕೆಂದರೆ ನನಗೆ ಆಗ ಸಮಾಧಾನವೇ ಆಯಿತು. ಇನ್ನು ಇವನನ್ನು ನೋಡಿ ಯಾರೂ ಮಾದಣ್ಣ ಎನ್ನಲಾರರು ಎಂದುಕೊಂಡೆ. ಮಾದಣ್ಣನಲ್ಲಿ ಚೆಂದವಿದ್ದುದೆಲ್ಲ ಹೋಗಿ, ನಾನು ಅಣಕಿಸಿದ್ದಷ್ಟೇ ಉಳಿಯಿತು ಎಂಬುದು ತಲೆಗೆ ಬರಲಿಲ್ಲ.

ಅಷ್ಟರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ, "ಮೇಡಂ, ಕಾಗದದಲ್ಲಿ ನಿಂತ ಚಿತ್ರ ಇದೆ, ನಡಿಗೆ ಹೇಗಿರುತ್ತೆ ಅಂತ ಗೊತ್ತಾಗ್ತಿಲ್ಲ" ಎಂದಳು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಮೂಲೆಯಲ್ಲಿದ್ದ ಛತ್ರಿಯನ್ನು ಊರುಗೋಲು ಮಾಡಿಕೊಂಡು, ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದೆ. ಸೊಂಟ ಒಂದು ಕಡೆ ಜಾರಬೇಕು, ಭುಜ ಇನ್ನೊಂದು ಕಡೆ ಏಳಬೇಕು, ಹೆಬ್ಬೆರಳು ನೆಲ ಗೀರಬೇಕು. ಒಂದನ್ನೂ ಮರೆತಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡರು. ಚಪ್ಪಾಳೆ ಬಿದ್ದದ್ದು ಅಂದೇ. ನಾನು ಬಗ್ಗಿ ನಮಸ್ಕಾರ ಮಾಡಿದೆ.

ಕಾರ್ಟೂನು ಜನಪ್ರಿಯವಾಯಿತು. ಆಮೇಲೆ ನಟರನ್ನೇ ಹಾಕಿಕೊಂಡು ಸಿನಿಮಾ ಮಾಡುವುದೆಂದಾಯಿತು. ಸಿನಿಮಾಕ್ಕೆ ಬೇರೆಯದೇ ಹಸಿವು. "ಎರಡು ಗಂಟೆ ಕಥೆ ಮೇಡಂ, ಅವನು ಯಾಕೆ ಕೆಟ್ಟವನಾದ ಅಂತ ಹೇಳ್ಬೇಕಾಗುತ್ತೆ" ಎಂದ ಅಭಿಜಿತ್. ಅವನೇ ಕಾರಣವನ್ನೂ ಹುಡುಕಿದ್ದ: ಚಿಕ್ಕಂದಿನಲ್ಲಿ ಎಲ್ಲರೂ ಕುಂಟ ಎಂದು ಆಡಿಕೊಂಡರು, ಅದಕ್ಕೆ ಲೋಕದ ಮೇಲೆ ಹಗೆ ಸಾಧಿಸಿದ. ನಾನು ತಲೆಯಾಡಿಸಿದೆ. ಹಾಗೆ ಆಡಿಕೊಂಡವಳು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದಾಳೆ ಎಂದು ಹೇಳಲಿಲ್ಲ.

ಟಕ್ಕಯ್ಯನ ಪಾತ್ರಕ್ಕೆ ಬಂದವರು ಸುಧೀಂದ್ರ ಎಂಬ ನಾಟಕದ ನಟ. ಬಹಳ ಶ್ರದ್ಧೆಯ ಮನುಷ್ಯ. ನನ್ನ ನಡಿಗೆಯ ಮೊಬೈಲ್ ವಿಡಿಯೋ ನೋಡಿ, "ಇದು ಕಲ್ಪನೆ ಅಲ್ಲ, ಯಾರನ್ನೋ ನೋಡಿ ಕಲ್ತಿದ್ದೀರಿ. ಅವರು ಇದ್ದಾರಾ?" ಎಂದು ಕೇಳಿದರು. ಇಲ್ಲ ಎನ್ನಬಹುದಿತ್ತು. ನನ್ನ ಬಾಯಿ, "ಇಲ್ಲೇ, ಮಾಂಬಳ್ಳಿಯಲ್ಲಿ" ಎಂದಿತು.

ಮರುವಾರ ಅವರ ಕಾರಿನಲ್ಲಿ ಹೋದೆವು. ಮಾದಣ್ಣನಿಗೆ ಈಗ ಎಪ್ಪತ್ತೈದು ದಾಟಿದೆ. ಮಗ್ಗ ಬಿಟ್ಟು ಮಗಳು ರತ್ನಳ ಜೊತೆ ಇದ್ದಾನೆ. ನಮ್ಮಪ್ಪ ತೀರಿಕೊಂಡಾಗ ಬಂದಿದ್ದವನನ್ನು ನೋಡಿದ್ದೇ ಕೊನೆ. ಆಮೇಲೆ ನಾನಾಗಿ ಒಮ್ಮೆಯೂ ಹೋಗಿರಲಿಲ್ಲ. ಜಗುಲಿಯ ಮೇಲೆ ಕೂತಿದ್ದವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಓ, ನಮ್ಮ ಮೊಗ! ಬಾ ಬಾ, ಕೂತ್ಕ. ಇವ್ರ್ಯಾರವ್ವ?" ಎಂದ.

"ನಮ್ಮ ಕಡೆಯವರೇ ಮಾದಣ್ಣ. ನೇಯ್ಗೆ ವಿಚಾರ ತಿಳ್ಕೋಬೇಕಂತೆ" ಎಂದೆ.

ನೇಯ್ಗೆ ಎಂದದ್ದೇ ತಡ, ಅವನ ಮುಖ ಅರಳಿತು. ಹುರಿ, ಬಣ್ಣ, ಅಂಚು, ಸೆರಗು ಎಂದು ಅರ್ಧ ಗಂಟೆ ಹೇಳಿದ. ಕಣ್ಣಂಚಿನ ಸುಕ್ಕು ಐದರಿಂದ ಇಪ್ಪತ್ತಾಗಿದ್ದವು. ಆದರೆ ಕೂತೇ ಇದ್ದ. ಸುಧೀಂದ್ರ ನನ್ನ ಮುಖ ನೋಡಿದರು. ರತ್ನ ಮನೆಯಲ್ಲಿರಲಿಲ್ಲ. ನಾನು, "ಮಾದಣ್ಣ, ಒಂದು ಲೋಟ ನೀರು" ಎಂದೆ.

ಅವನು ಕೋಲು ಊರಿ ಎದ್ದು ಒಳಗೆ ಹೋಗಿ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು, ತುಳುಕಿಸದೆ ತಂದ. ಸುಧೀಂದ್ರರ ಕಣ್ಣು ಅವನ ಪಾದ ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನೀನು ನೇಯ್ದ ಹಳೇ ಸೀರೆ ತುಂಡೇನಾದ್ರೂ ಇದ್ಯಾ?" ಎಂದೆ. ಅವನು ಖುಷಿಯಿಂದ ಎದ್ದ. ಒಳಗೆ ಪೆಟ್ಟಿಗೆ ತೆಗೆದು ಹಾಕಿದ ಸದ್ದು ಕೇಳಿತು. ಮಾವಿನಕಾಯಿ ಅಂಚಿನ ಒಂದು ತುಂಡು ತಂದು ನನ್ನ ತೊಡೆಯ ಮೇಲಿಟ್ಟ. ಅದನ್ನು ನಾನು ನೋಡಿದೆನೋ ಇಲ್ಲವೋ ನೆನಪಿಲ್ಲ. ಸುಧೀಂದ್ರ ಮೆಲ್ಲಗೆ, "ಇನ್ನೊಂದ್ಸಲ" ಎಂದರು. ನಾನು, "ಮಾದಣ್ಣ, ನೀರು" ಎಂದೆ.

ಅವನು ಎದ್ದವನು ಹಾಗೇ ನಿಂತ. ಜಗುಲಿಯ ಅಂಚಿನಲ್ಲಿದ್ದ ಲೋಟ ನೋಡಿದ.

"ಮದ್ಲು ತಂದಿದ್ದೇ ಅಂಗೇ ಅದಲ್ಲ ಮೊಗ."

ಅವನು ನನ್ನನ್ನು ಬಿಟ್ಟು ಸುಧೀಂದ್ರರ ಕಡೆ ತಿರುಗಿ, ಅವರ ಕಣ್ಣು ಎಲ್ಲಿದೆ ಎಂದು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: "ಇನ್ನೂ ನಡೀಬೇಕಾ ಸಾ?"

ಸುಧೀಂದ್ರ ತಲೆ ತಗ್ಗಿಸಿದರು. ಮಾದಣ್ಣ ನಿಧಾನವಾಗಿ ಕೂತ. "ನಡ್ಗೆ ನೋಡಕ್ ಬಂದಿದ್ದೀವಿ ಅಂದಿದ್ರೆ ನಾನೇ ನಡ್ದು ತೋರುಸ್ತಿದ್ದೆ ಕಣವ್ವ. ನೀರು ಕೇಳದ್ಯಾಕೆ?"

ಆ ಲೋಟ ಎತ್ತಿ ಕುಡಿಯುವಷ್ಟು ಬುದ್ಧಿಯೂ ನನಗೆ ಬರಲಿಲ್ಲ. ಎದ್ದು ಬಂದುಬಿಟ್ಟೆ.

ಕಾರಿನ ಹತ್ತಿರ ರತ್ನ ಎದುರಾದಳು. ಅಂಗನವಾಡಿಯಿಂದ ಬರುತ್ತಿದ್ದಳು. ನನ್ನನ್ನು ನೋಡಿ ನಗಲಿಲ್ಲ. "ಸಿನ್ಮಾದವ್ರಾ?" ಎಂದು ಸುಧೀಂದ್ರರತ್ತ ಗಲ್ಲ ತೋರಿಸಿ, ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕ, ನೀವು ಪುಸ್ತಕದಲ್ಲಿ ಬರೀವಾಗ್ಲೇ ಅಪ್ಪಂಗೆ ಗೊತ್ತಿತ್ತು. ‘ನನ್ ಟವಲ್ಲ ಎಷ್ಟ್ ಚೆಂದಾಗಿ ಬರ್ದವ್ಳೆ ನೋಡು’ ಅಂತ ಬಂದೋರ್ಗೆಲ್ಲ ತೋರುಸ್ತಿತ್ತು. ಈ ಮೊಬೈಲ್‌ದು ಬಂತಲ್ಲ, ಆವಾಗಿಂದ ಬೀದಿಗೆ ಓದ್ರೆ ಸಾಕು, ಐಕ ಹಿಂದ್ಗುಟ್ಟೇ ಬತ್ತವೆ. ಟಕ್, ಸರ್ರ್ ಅಂತವೆ. ಟೀ ಅಂಗ್ಡಿಗೆ ಓಗದ್ನೇ ಬುಟ್ಬುಡ್ತು ಅಪ್ಪ. ವರ್ಷಾಯ್ತು."

"ಅದು ಮಾದಣ್ಣನೇ ಅಂತ ಮಕ್ಕಳಿಗೆ ಯಾರು ಹೇಳಿದ್ರು?" ಎಂದೆ, ಬೇರೇನೂ ತೋಚದೆ.

"ಯಾರ್ ಏಳ್ಬೇಕು? ಕಾಲೆಳೆಯೋರು ಯಾರಾದ್ರೂ ಆಯ್ತದೆ ಅವ್ಕೆ" ಎಂದು ರತ್ನ ಮನೆ ಕಡೆ ಹೊರಟಳು.

ಕೊಳ್ಳೇಗಾಲದಲ್ಲಿ ನಾನು ಕಾರಿನಿಂದ ಇಳಿಯುವಾಗ ಸುಧೀಂದ್ರ, "ನಾನು ಕಾಲೆಳೆದು ನಡೆಯಲ್ಲ ಮೇಡಂ. ಪಾತ್ರ ಕೊಟ್ರೆ ನೆಟ್ಟಗೆ ನಡೀತೀನಿ, ಇಲ್ಲದಿದ್ರೆ ಬಿಡ್ತೀನಿ" ಎಂದರು. ಹೇಳಬೇಕಾದವಳು ನಾನು, ಹೇಳಿದವರು ಅವರು. ಅಭಿಜಿತ್ ಹೌಹಾರಿದ. "ಕಾಲು ತೆಗೆದ್ರೆ ಇನ್ನೇನು ಉಳಿಯುತ್ತೆ ಮೇಡಂ ಅವನಲ್ಲಿ?" ಎಂದು ಫೋನು ಮಾಡಿದ. ಟವಲ್ಲು, ಒಗಟು, ಸುಕ್ಕು ಎಂದೆ. "ಅವೆಲ್ಲ ನೋಡಿದವರು ಯಾರಿದ್ದಾರೆ ಈಗ?" ಎಂದ. ನಾನೂ ಸುಧೀಂದ್ರರ ಜೊತೆಗೇ ಪಟ್ಟು ಹಿಡಿದೆ. ಸಹಿ ಹಾಕಿಕೊಟ್ಟವಳಿಗೆ ಹಕ್ಕೇನೂ ಇರಲಿಲ್ಲ. ಆದರೂ ಹುಡುಗ ಒಳ್ಳೆಯವನು, ಕೊನೆಗೆ ಒಪ್ಪಿದ. ಕಾಲಿನ ಹಿಂದಿನ ಕಥೆಯನ್ನೂ ಕಿತ್ತುಹಾಕಿದ. ಸಿನಿಮಾದ ಟಕ್ಕಯ್ಯ ಬೂಟು ಹಾಕಿಕೊಂಡು ನೆಟ್ಟಗೆ ನಡೆದ.

ಅಲ್ಲಿಗೆ ತಪ್ಪು ತಿದ್ದಿಕೊಂಡಂತಾಯಿತು ಎಂದು ನಾನು ನಿರಾಳವಾದೆ. ಮಾಂಬಳ್ಳಿಗೆ ಹೋಗಿ ಮಾದಣ್ಣನ ಮುಂದೆ ನಿಲ್ಲುವ ಕೆಲಸವನ್ನು ಸಿನಿಮಾ ಬರಲಿ ಎಂದು ಮುಂದೂಡಿದೆ, ಬಂದ ಮೇಲೆ ಹೇಳಿಕೊ‌ಳ್ಳಲು ಏನಾದರೂ ಇರುತ್ತದೆಂದು.

ಸಿನಿಮಾ ಬಂತು. ಕೊಳ್ಳೇಗಾಲದಲ್ಲಿ ಶಾಲಾ ಮಕ್ಕಳಿಗೆಂದು ಬೆಳಗಿನ ಆಟ ಇಟ್ಟು, ನನ್ನನ್ನು ಕರೆದು ನಡುಸಾಲಿನಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಟಕ್ಕಯ್ಯ ಕತ್ತಲೆಯಿಂದ ಹೊರಬಂದು ನೆಟ್ಟಗೆ, ಸದ್ದಿಲ್ಲದೆ ನಡೆದ. ಮಕ್ಕಳು ಒಂದು ಕ್ಷಣ ಗೊಂದಲಪಟ್ಟರು. ಹಿಂದಿನ ಸಾಲಿನಿಂದ ಯಾವುದೋ ಒಂಟಿ ದನಿ, "ಟಕ್" ಎಂದಿತು. ಇಡೀ ಥಿಯೇಟರು, "ಸರ್ರ್!" ಎಂದಿತು. ಆಮೇಲೆ ಅವನು ಇಟ್ಟ ಹೆಜ್ಜೆಗೊಂದು. ನಗು, ಸಿಳ್ಳೆ. ನನ್ನ ಪಕ್ಕದಲ್ಲಿದ್ದ ಶಿಕ್ಷಕಿಯೂ ನಗುತ್ತ ಕಾಲಲ್ಲಿ ನೆಲ ಗೀರಿದರು. ನಾವು ತೆಗೆದುಹಾಕಿದ್ದನ್ನು ಮುನ್ನೂರು ಮಕ್ಕಳು ಮನೆಯಿಂದಲೇ ತಂದಿದ್ದರು.

ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಮಾಂಬಳ್ಳಿಗೆ ಹೋದೆ. ಜಗುಲಿಯ ಮೇಲೆ ಕೂರಲು ಮನಸ್ಸಾಗದೆ ಮೆಟ್ಟಿಲ ಮೇಲೆ ಕೂತು, ಜರಿ ಕತ್ತರಿಸಿದ್ದರಿಂದ ಹಿಡಿದು ಥಿಯೇಟರಿನ ಕೂಗಿನವರೆಗೆ ಎಲ್ಲವನ್ನೂ ಹೇಳಿದೆ. ಅವನ ಬೆನ್ನ ಹಿಂದೆ ಅಣಕಿಸಿ ನಡೆದದ್ದನ್ನೂ ಹೇಳಿದೆ. ಮಾದಣ್ಣ ಪೂರ್ತಿ ಕೇಳಿದ.

"ಜರಿ ಇಸ್ಯ ನಂಗೆ ಗ್ಯಾಪ್ಕವೇ ಇಲ್ಲ ಮೊಗ" ಎಂದ.

"ಇಲ್ಲಿನ ಸ್ಕೂಲಿಗೆ ಹೋಗಿ ಮಕ್ಕಳಿಗೆ ನಾನೇ ಹೇಳ್ತೀನಿ ಮಾದಣ್ಣ."

"ಏನಂತ? ಇವ್ನೇ ಅವ್ನು ಅಂತ್ಲಾ?"

ಅವನು ಕೋಲು ಕೈಗೆ ತೆಗೆದುಕೊಂಡ. "ಟೀ ಅಂಗ್ಡಿಗೆ ಓಗ್ಬೇಕು. ಬತ್ತೀಯಾ?"

ಹೊರಟೆವು. ಅವನ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸುವುದು ಕಷ್ಟವಾಯಿತು. ಅಣಕಿಸುವಾಗ ಅಷ್ಟು ಸಲೀಸಾಗಿ ಬರುತ್ತಿದ್ದ ಲಯ, ಪಕ್ಕದಲ್ಲಿ ನಡೆಯುವಾಗ ಸಿಗಲೇ ಇಲ್ಲ. ಬೀದಿಯ ತಿರುವು ದಾಟುತ್ತಿದ್ದಂತೆ ಹಿಂದಿನಿಂದ ಬಂತು: ಟಕ್, ಸರ್ರ್. ಎಳೆಯ ದನಿಗಳು, ನಾಲ್ಕೈದು ಇರಬೇಕು. ಆ ಸದ್ದನ್ನು ಕಾಗದದ ಮೇಲೆ ನೂರಾರು ಸಲ ಬರೆದಿದ್ದೇನೆ; ನನ್ನ ಬೆನ್ನ ಹಿಂದೆ ಕೇಳಿದ್ದು ಅದೇ ಮೊದಲು. ಮೂವತ್ತು ವರ್ಷ ಒಂದು ನೋಟಕ್ಕೆ ಕ್ಲಾಸು ಸುಮ್ಮನಾಗಿಸಿದವಳು ನಾನು. ತಿರುಗಲು ಹೋದೆ. ಮಾದಣ್ಣ ನನ್ನ ಮುಂಗೈ ಹಿಡಿದ.

"ತಿರೀಕಬ್ಯಾಡ. ನಡಿ."

ನಡೆದೆವು. ಟೀ ಅಂಗಡಿಯವನು, "ಏನ್ ಮಾದಣ್ಣ, ಎಷ್ಟ್ ವರ್ಷಾಯ್ತು ಕಾಣ್ದೆ!" ಎಂದು ಬೆಂಚು ಒರೆಸಿದ. ಮಾದಣ್ಣ ಟೀಯನ್ನು ಸಾಸರಿಗೆ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದ. ವಾಪಸ್ ಬರುವಾಗ ಮಕ್ಕಳು ಮನೆಯ ಬಾಗಿಲವರೆಗೂ ಬಂದರು.

ಜಗುಲಿಯ ಮೇಲೆ ಕೂತು ಕೋಲನ್ನು ಗೋಡೆಗೆ ಒರಗಿಸಿದ. ನಾನು ಚೀಲ ಹೆಗಲಿಗೆ ಹಾಕಿಕೊಂಡು, "ಬರ್ತೀನಿ ಮಾದಣ್ಣ" ಎಂದೆ.

"ನಾಳೆಕೂ ಬಾ."

"ನಾಳೆನಾ?"

"ಒಂದಿನ ಕೇಳುಸ್ಕಂಡ್ರೆ ಆಗೋಯ್ತಾ ಮೊಗ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಒಸಿ ಒತ್ತಾರೆಲೇ ಬಾ, ಆಮೇಲೆ ಬಿಸ್ಲಾಯ್ತದೆ."

ಮರುದಿನವೂ ಹೋದೆ. ಈಗ ವಾರಕ್ಕೆ ಮೂರು ದಿನ ಏಳೂವರೆಯ ಬಸ್ಸು ಹಿಡಿಯುತ್ತೇನೆ. ಮಕ್ಕಳು ಇನ್ನೂ ನಿಲ್ಲಿಸಿಲ್ಲ.